ಹತ್ತನೇ ತಾರೀಖಿನ ಜಾಮೀನುದಾರ

ಸಾಲ ತೀರಿ ಹದಿನಾಲ್ಕು ವರ್ಷವಾಗಿದ್ದರೂ ಕದ್ವಾಡದ ಶಾಂತಾರಾಮ ನಾಯ್ಕನ ಮನೆಸಾಲದ ಬಡ್ಡಿ ಮಾತ್ರ ಇನ್ನೂ ಏರುತ್ತಲೇ ಇತ್ತು.

ತೊಂಬತ್ತಾರನೇ ಇಸವಿಯಲ್ಲಿ, ಕಾಗದಕ್ಕೆ ಸಹಿ ಹಾಕಿದ ದಿನ, ಅದು ನೂರಕ್ಕೆ ಹದಿನಾಲ್ಕೂವರೆ ಇತ್ತು. ಕೈಗಾಕ್ಕೆ ನೌಕರರನ್ನು ಒಯ್ಯುವ ಬಸ್ಸಿನ ಸ್ಟೇರಿಂಗು ಬಿಟ್ಟು ಅವನು ನಿವೃತ್ತನಾದ ವರ್ಷ ಹದಿನೆಂಟಕ್ಕೆ ಮುಟ್ಟಿತು. ಕೊರೋನಾ ಕಾಲದಲ್ಲಿ ಊರೆಲ್ಲ ಬಾಗಿಲು ಹಾಕಿ ಕೂತಿದ್ದಾಗ ಯಾರ ಕಣ್ಣಿಗೂ ಬೀಳದೆ ಇಪ್ಪತ್ತೊಂದಾಯಿತು. ಈ ಮೇ ತಿಂಗಳಲ್ಲಿ, ಸಾಯಿನಾಥನ ಚಾ ಅಂಗಡಿಯ ಬೆಂಚಿನ ಮೇಲೆ, ಎರಡು ಬನ್ಸು ಮತ್ತು ಒಂದು ಪ್ಲೇಟು ಭಾಜಿಯ ಬಲದಿಂದ ಇಪ್ಪತ್ನಾಲ್ಕಕ್ಕೆ ಹೋಗಿ ನಿಂತಿತು. ತೀರಿದ ಸಾಲದ ಬಡ್ಡಿಯನ್ನು ಹೀಗೆ ಏರಿಸುವ ಧೈರ್ಯ ಭೂಮಂಡಲದ ಯಾವ ಬ್ಯಾಂಕಿಗೂ ಇರಲಿಲ್ಲ. ಶಾಂತಾರಾಮನಿಗೆ ಇತ್ತು.

"ಇಪ್ಪತ್ನಾಲ್ಕು!" ಎಂದ ಅವನು, ಬೆಂಚು ನಡುಗುವ ಹಾಗೆ. "ಈಗಿನವ್ರಿಗೆ ಎಂಟೂವರೆ ಅಂದ್ರೆ ಕಣ್ಣಲ್ಲಿ ನೀರು ಬರ್ತದೆ. ಎಂಟೂವರೆ ಅಂದ್ರೆ ನಮ್ಮ ಕಾಲದಲ್ಲಿ ಬಡ್ಡಿ ಅಲ್ಲ ಮಾರಾಯಾ, ಚಾ ಕುಡಿಯೂ ಹೊತ್ತು!"

"ಹೋದ ವಾರ ಇಪ್ಪತ್ತೆರಡು ಅಂದಿದ್ರಿ, ಶಾಂತಾರಾಮಣ್ಣ," ಎಂದ ಸಾಯಿನಾಥ, ಬಾಣಲೆಯಿಂದ ತಲೆ ಎತ್ತದೆ.

"ಹೋದ ವಾರ ನಿನ್ನ ಭಾಜಿಗೆ ಖಾರ ಕಮ್ಮಿ ಇತ್ತು."

ಆಮೇಲೆ ಬರುವುದು ವಸೂಲಿಯವನ ಕತೆ. ಅದು ಅಂಗಡಿಯ ಗೋಡೆಗೂ ಬಾಯಿಪಾಠ. ತಿಂಗಳ ಹತ್ತನೇ ತಾರೀಖು, ಮೊದಲ ಬಸ್ಸಿಗೆ ವಸೂಲಿಯವನು ಬಂದಿಳಿಯುತ್ತಿದ್ದ. ಕಪ್ಪು ಆಳು, ಮಾಡಿನ ಅಂಚಿಗೆ ತಲೆ ಬಡಿಯುವಷ್ಟು ಎತ್ತರ. ಸೊಂಟದಲ್ಲಿ ಕತ್ತಿ. ಬಾವಿಕಟ್ಟೆಯ ಹತ್ತಿರ ನಿಂತನೆಂದರೆ ಮುಗಿಯಿತು: ಕಂತಿನ ಉತ್ತರ ಸಿಗುವ ತನಕ ಒಳಗೆ ಕಾಲಿಡುವವನಲ್ಲ, ಕೊಟ್ಟ ನೀರು ಮುಟ್ಟುವವನಲ್ಲ. ಅವನ ನೋಟಕ್ಕೆ ಬಾವಿಯ ನೀರು ಒಂದು ಮೊಳ ಕೆಳಗಿಳಿಯುತ್ತಿತ್ತು. ಕೋಳಿಗಳು ಮೊಟ್ಟೆ ನಿಲ್ಲಿಸುತ್ತಿದ್ದವು. ಅಂಥವನ ಎದುರು ಹದಿನೈದು ವರ್ಷ, ನೂರಾ ಎಂಬತ್ತು ತಿಂಗಳು, ಎದೆ ಕೊಟ್ಟು ನಿಂತ ಗಂಡಸು ಉತ್ತರ ಕನ್ನಡ ಜಿಲ್ಲೆಯಲ್ಲಿ ಒಬ್ಬನೇ. ಅವನ ಚಾ ದುಡ್ಡು ಯಾರಾದರೂ ಕೊಟ್ಟರೆ ಅವನು ಬೇಡ ಅನ್ನುವುದಿಲ್ಲ.

ಆ ಭಾನುವಾರ ಬೆಳಿಗ್ಗೆ ಇಷ್ಟನ್ನು ಹೇಳಿ, ಗೆದ್ದವನ ಹಾಗೆ ಮನೆಗೆ ಬಂದರೆ, ಜಗಲಿಯಲ್ಲಿ ಮಗಳು ನಿಶಾ ಕೂತಿದ್ದಳು. ಚಪ್ಪಲಿ ಬಿಚ್ಚಿರಲಿಲ್ಲ.

ನಿಶಾಳಿಗೆ ಮೂವತ್ತಮೂರು ವರ್ಷ. ಕಾರವಾರ ಪೇಟೆಯ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ಗಂಡ ಅಮಿತ ಕೈಗಾದಲ್ಲಿ ಎಲೆಕ್ಟ್ರಿಷಿಯನ್. ಮದುವೆಯಾಗಿ ಹತ್ತು ವರ್ಷದಲ್ಲಿ ಐದು ಬಾಡಿಗೆ ಮನೆ ಆಗಿತ್ತು. ಈಗ ಇರುವ ಹಬ್ಬುವಾಡದ ಮನೆಯನ್ನೂ ತಿಂಗಳ ಕೊನೆಗೆ ಬಿಡಬೇಕು. ಬಿಡುವ ಮೊದಲು ಗೋಡೆಗೆ ಬಣ್ಣ ಹೊಡೆಸಿ ಕೊಡಿ ಎಂದಿದ್ದ ಮಾಲೀಕ, ಏಕೆಂದರೆ ನಿಶಾಳ ಮಗಳು ದೀಕ್ಷಾಳ ಎತ್ತರವನ್ನು ಅಳೆದು ಬಾಗಿಲ ಪಕ್ಕ ಪೆನ್ಸಿಲಿನಲ್ಲಿ ಗೀಟು ಎಳೆದಿದ್ದರು. ಮೂರು ಗೀಟು. ಮೂರು ವರ್ಷ ಬೆಳೆದದ್ದನ್ನು ಒಂದೇ ಬ್ರಶ್ಶಿನಲ್ಲಿ ಒರೆಸಬೇಕು.

ಅಷ್ಟರಲ್ಲಿ ದೇವರು ಕಣ್ಣು ಬಿಟ್ಟ ಹಾಗೆ ಚಿತ್ತಾಕುಲದಲ್ಲಿ ಒಂದು ಮನೆ ಮಾರಾಟಕ್ಕೆ ಬಂದಿತ್ತು. ನಿವೃತ್ತ ಶಿಕ್ಷಕಿ ವೈಜಯಂತಿಬಾಯಿಯದ್ದು. ಹಂಚಿನ ಮಾಡು, ಎರಡು ಕೋಣೆ, ಹಿಂದೆ ಬಾವಿ, ಬಾವಿಯ ಆಚೆ ಎರಡು ತೆಂಗು, ಗಾಳಿ ಬೀಸಿದರೆ ಕಾಳಿ ನದಿಯ ಉಪ್ಪು ನಾಲಗೆಗೇ ಬರುತ್ತಿತ್ತು. ಬ್ಯಾಂಕು ಎಂಟೂವರೆಗೆ ಇಪ್ಪತ್ತೆರಡು ಲಕ್ಷ ಕೊಡಲು ಒಪ್ಪಿತ್ತು. ಗೋವೆಯ ಗಿರಾಕಿಯೊಬ್ಬ ರೊಕ್ಕ ಹಿಡಿದು ಕಾಯುತ್ತಿದ್ದರೂ, ಮಗುವಿರುವ ಸಂಸಾರ ಬರಲಿ ಎಂದು ಟೀಚರು ಇವತ್ತು ಸಂಜೆಯ ತನಕ ತಡೆದಿದ್ದರು.

"ಬೇಡ ಅಂತ ಹೇಳ್ಬಿಡ್ತೆ ಅಪ್ಪಾ, ಟೀಚರ್‌ಗೆ," ಎಂದಳು ನಿಶಾ. "ಇನ್ನೊಂದು ಬಾಡಿಗೆ ಮನೆ ನೋಡೂದು. ನಿಂಗೆ ಮೊದ್ಲು ಹೇಳ್ವಾ ಅಂತ ಬಂದೆ."

"ಎಂತಕ್ಕೆ ಬೇಡ?"

"ಎಂತಕ್ಕೆ ಅಂತ ನೀ ಕೇಳ್ತ್ಯಾ?" ಎಂದಳು. ನಗುವುದೋ ಅಳುವುದೋ ಅವಳಿಗೇ ಗೊತ್ತಿದ್ದ ಹಾಗಿರಲಿಲ್ಲ. "ಸಾಲದ ಫಾರ್ಮು ನೋಡಿದ್ರೆ ಸಾಕು, ನಂಗೆ ಹತ್ತನೇ ತಾರೀಖು ನೆನಪಾಗ್ತದೆ. ಸಣ್ಣಕ್ಕಿದ್ದಾಗ ಒಂಬತ್ತರ ರಾತ್ರಿ ನಂಗೆ ನಿದ್ದೆ ಬರ್ತಿರ್ಲಿಲ್ಲ. ಕತ್ತಿಯವ ಬರ್ತಾನೆ, ಅಪ್ಪನ್ನ ಕೊಯ್ದು ಹಾಕ್ತಾನೆ, ಮನೆ ಹೋಗ್ತದೆ. ನೀನೇ ಅಲ್ದಾ ಹೇಳ್ತಿದ್ದದ್ದು? ಇಪ್ಪತ್ತು ವರ್ಷ ನನ್ನ ಮಗಳು ಹಂಗೆ ಮಲಗೂದು ಬೇಡ."

ಶಾಂತಾರಾಮನ ಬಾಯಲ್ಲಿದ್ದ ಭಾಜಿಯ ಖಾರ ಈಗ ಏರಿತು.

ಅಡಿಗೆಮನೆ ಬಾಗಿಲಲ್ಲಿ ಹೆಂಡತಿ ಮಂದಾಕಿನಿ ಕೈಯಲ್ಲಿ ಸೌಟು ಹಿಡಿದು ನಿಂತಿದ್ದಳು. ಅವಳು ಹೇಳದ ಮಾತು ಇವನಿಗೆ ಹೇಳಿದ ಮಾತಿಗಿಂತ ಮೂರು ಪಟ್ಟು ಜೋರಾಗಿ ಕೇಳುತ್ತಿತ್ತು.

"ಅಷ್ಟೇನಿರ್ಲಿಲ್ಲ ಮಗಾ," ಎಂದ.

"ಎಷ್ಟಿರ್ಲಿಲ್ಲ?"

"ಬಡ್ಡಿ. ಇಪ್ಪತ್ನಾಲ್ಕು ಎಲ್ಲ ಅಲ್ಲ. ಹದ್ನಾಲ್ಕೂವರೆ."

ಇಪ್ಪತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ನಿಜವಾದ ಅಂಕಿ ಅವನ ಬಾಯಿಂದ ಹೊರಬಿತ್ತು. ಬೀಳುವಾಗ ಹಲ್ಲು ಕಿತ್ತ ಹಾಗಾಯಿತು. ಆದರೆ ನಿಶಾ ತಂದೆಯ ಮುಖವನ್ನೇ ನೋಡಿ ತಲೆಯಾಡಿಸಿದಳು.

"ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ಬೇಡ ಅಪ್ಪಾ."

ಇದೊಳ್ಳೆ ಕತೆಯಾಯಿತು! ಜೀವಮಾನವಿಡೀ ಹೇಳಿದ ಸುಳ್ಳನ್ನೆಲ್ಲ ಜನ ನಂಬಿದರು. ಒಂದೇ ಒಂದು ನಿಜ ಹೇಳಿದರೆ ಹೆತ್ತ ಮಗಳೇ ನಂಬುವುದಿಲ್ಲ. ಅವನು ಒಳಗೆ ಓಡಿ ಟ್ರಂಕು ತೆಗೆದ. ಸಾಲದ ಪುಸ್ತಕ, ರಸೀದಿ ಎಲ್ಲ ಇತ್ತು; ಇತ್ತು ಅಂದರೆ, ಒರಲೆ ಹುಳದ ಹೊಟ್ಟೆಯಲ್ಲಿತ್ತು. ಟ್ರಂಕಿನ ತಳದಲ್ಲಿ ಮಣ್ಣಿನ ಗೆರೆ ಮಾತ್ರ ಉಳಿದಿತ್ತು.

"ನೋಡಿದ್ಯಾ," ಎಂದಳು ನಿಶಾ.

"ಕೊಯ್ಯೂದು ಗಿಯ್ಯೂದು ಎಲ್ಲ ಸುಳ್ಳು ಮಗಾ. ಅವ ಒಳ್ಳೇವ."

"ಯಾರು?"

ಶಾಂತಾರಾಮ ಟ್ರಂಕಿನ ಮುಚ್ಚಳ ಹಾಕಿದ. ಮಂದಾಕಿನಿ ಸೌಟನ್ನು ಕಟ್ಟೆಯ ಮೇಲಿಟ್ಟು ಸೆರಗಿಗೆ ಕೈ ಒರೆಸಿಕೊಂಡಳು.

"ಬೆಳಂಬಾರಕ್ಕೆ ಕರ್ಕೊಂಡು ಹೋಗಿ ಅವಳನ್ನ," ಎಂದಳು ಗಂಡನಿಗೆ. "ಇವತ್ತೇ ಹೋಗಿ. ಸಂಜೆ ಒಳಗೆ ಬರೂಕಾಗ್ತದೆ."

"ಬೆಳಂಬಾರಕ್ಕಾ? ಅದು... ಬಿಸಿಲು..."

"ಇಪ್ಪತ್ನಾಲ್ಕು ಪರ್ಸೆಂಟು ತಡ್ಕೊಂಡವ್ರಿಗೆ ಬಿಸಿಲು ಯಾವ ಲೆಕ್ಕ?"

ಹೀಗೆ ಅಪ್ಪ ಮಗಳು ಕಾರವಾರ ಸ್ಟ್ಯಾಂಡಿನಲ್ಲಿ ಅಂಕೋಲೆಯ ಬಸ್ಸು ಹತ್ತಿದರು. ಬೇರೆ ದಿನವಾಗಿದ್ದರೆ ಶಾಂತಾರಾಮ ಡ್ರೈವರನ ಹಿಂದಿನ ಸೀಟಿನಲ್ಲೇ ಕೂತು, ಗೇರು ಹಾಕುವುದು ಹೇಗೆಂದು ಬಿಣಗಾ ದಾಟುವ ತನಕ ಪಾಠ ಹೇಳುತ್ತಿದ್ದ. ಕೈಗಾ ದಾರಿಯಲ್ಲಿ ಅಡ್ಡ ಮಲಗಿದ್ದ ಹುಲಿಗೆ ಹಾರ್ನು ಹೊಡೆದು ಎಬ್ಬಿಸಿದ್ದು, ಅದು ಬಾಲದಿಂದ ಸೈಡು ಕೊಟ್ಟದ್ದು, ಎಲ್ಲ ಬರುತ್ತಿತ್ತು. ಇವತ್ತು ಕಿಟಕಿ ಹಿಡಿದು ಸುಮ್ಮನೆ ಕೂತ. ಬಸ್ಸು ಸುರಂಗದೊಳಗೆ ಹೊಕ್ಕಾಗ ಅವನ ಮನಸ್ಸು ಹಿಂದಕ್ಕೆ ಹೊಕ್ಕಿತು.

ಆ ಕದ್ವಾಡದ ಮನೆ! ಗೋವೆಗೆ ಹೋಗುವವನೊಬ್ಬ ಮಾರಿದ್ದು. ಬೆಲೆಗೆ ಕಡಿಮೆ ಬಿದ್ದದ್ದು ಒಂದು ಲಕ್ಷ ಎಂಬತ್ತು ಸಾವಿರ. ಸೊಸಾಯಿಟಿಯವರು ಕೊಡುತ್ತೇವೆ ಎಂದರು, ಆದರೆ ಇಬ್ಬರು ಜಾಮೀನುದಾರರು ಬೇಕು ಎಂದರು. ಒಬ್ಬ, ಜೊತೆಯ ಡ್ರೈವರ್ ಗಣೇಶ, ಸಿಕ್ಕಿದ. ಇನ್ನೊಬ್ಬನಿಗಾಗಿ ಶಾಂತಾರಾಮ ನೆಂಟರ ಮನೆಗಳನ್ನು ಸುತ್ತಿದ. ಜಾಮೀನು ಎಂಬ ಶಬ್ದ ಕಿವಿಗೆ ಬಿದ್ದದ್ದೇ ದೊಡ್ಡಪ್ಪನ ಮಗನಿಗೆ ಚಳಿಜ್ವರ ಬಂತು. ಸೋದರಮಾವ ಮಡಗಾವಿಗೆ ಅಂಗಿ ತರಲು ಹೋದವನು ಒಂದೂವರೆ ತಿಂಗಳು ಅಂಗಿ ಆರಿಸುತ್ತಲೇ ಇದ್ದ.

ಒಂದು ಭಾನುವಾರ ಕಾರವಾರದ ಸಂತೆಯಲ್ಲಿ ಗೆಣಸು ಮಾರಲು ಬಂದಿದ್ದರು ತಿಮ್ಮ ಗೌಡ ಮತ್ತು ಅವನ ಹೆಂಡತಿ ಸುಕ್ರಿ. ಬೆಳಂಬಾರದಲ್ಲಿ ಶಾಂತಾರಾಮನ ಅಪ್ಪನ ಗದ್ದೆಯ ಪಕ್ಕದ ಗದ್ದೆ ತಿಮ್ಮನದು. ಸಣ್ಣವನಿದ್ದಾಗ ಶಾಂತಾರಾಮ ಅವನ ಹೆಗಲ ಮೇಲೆ ಕೂತು ಹಳ್ಳ ದಾಟಿದ್ದ. ಗೆಣಸು ತೂಗುತ್ತಲೇ ತಿಮ್ಮ ಇವನ ಕತೆ ಕೇಳಿದ. ಹ್ಞೂಂ ಅನ್ನಲಿಲ್ಲ, ಊಹ್ಞೂಂ ಅನ್ನಲಿಲ್ಲ. ಮರುದಿನ ಮೊದಲ ಬಸ್ಸಿಗೆ, ಮದುವೆಯಲ್ಲಿ ಹಾಕಿ ಮಡಿಚಿಟ್ಟಿದ್ದ ಅಂಗಿ ತೊಟ್ಟು, ಪ್ಲಾಸ್ಟಿಕ್ ಚೀಲದಲ್ಲಿ ಪಹಣಿ ಸುತ್ತಿಕೊಂಡು ಸೊಸಾಯಿಟಿಯ ಬಾಗಿಲಲ್ಲಿ ನಿಂತಿದ್ದ. ಬಾಗಿಲು ತೆರೆಯಲು ಇನ್ನೂ ಮೂರು ತಾಸಿತ್ತು.

ಹೆಬ್ಬೆಟ್ಟು ಒತ್ತಿಸಿಕೊಂಡ ಗುಮಾಸ್ತ, "ಇವ್ರು ಕಟ್ಟದಿದ್ರೆ ನಿಮ್ಮ ಗದ್ದೆಗೆ ಬರ್ತದೆ ನೋಡಿ. ಕಟ್ಟಿಸೂ ಜವಾಬ್ದಾರಿ ನಿಮ್ದು," ಎಂದ. ಆ ಮಾತನ್ನು ಅವನು ಸಾವಿರ ಜನಕ್ಕೆ ಹೇಳಿ ಸಾವಿರ ಸಲ ಮರೆತಿದ್ದ. ಸಾವಿರದಲ್ಲಿ ಒಬ್ಬನೇ ಒಬ್ಬ ಅದನ್ನು ಮನೆಗೆ ಒಯ್ದ.

ಮುಂದಿನ ತಿಂಗಳು ಹತ್ತನೇ ತಾರೀಖು ಬೆಳಗಾಗುವಾಗ ಕದ್ವಾಡದ ಅಂಗಳದಲ್ಲಿ ತಿಮ್ಮ! ತಲೆಯ ಮೇಲೆ ಬಸಳೆಯ ಕಟ್ಟು, ಸೊಂಟದಲ್ಲಿ ಸೊಪ್ಪು ಕೊಯ್ಯುವ ಕತ್ತಿ. ಶಾಂತಾರಾಮನನ್ನು ಬಾವಿಕಟ್ಟೆಗೆ ಕರೆದ. ದನಿ ತಗ್ಗಿಸಿ, "ತಮಾ, ಕಂತು ಕಟ್ಟಿದ್ಯಾ?" ಎಂದ. ಒಳಗೆ ಬನ್ನಿ, ನೀರು ಕುಡಿಯಿರಿ ಎಂದರೆ ಊಹ್ಞೂಂ. ಒಬ್ಬರ ಮಾತಿಗೆ ನಿಂತವನು ಕೇಳುವುದನ್ನು ಕೇಳದೆ ಆ ಮನೆಯ ನೀರು ಕುಡಿಯಬಾರದು ಎಂದು ಅವನ ಅಪ್ಪ ಹೇಳಿದ್ದನಂತೆ. ಮತ್ತೆ ಬಾವಿಕಟ್ಟೆಯೇ ಏಕೆ? "ಸಾಲದ ಮಾತು ಮಕ್ಕಳ ಕಿವಿಗೆ ಬೀಳೂಕಾಗ." ಕಟ್ಟಿದೆ ಎಂಬ ಉತ್ತರ ಕೇಳಿದ ಮೇಲೆ ಕಾಲು ತೊಳೆದು ಒಳಗೆ ಬಂದು ಕೂತರೆ, ಮಂದಾಕಿನಿಯ ಮೂರು ಲೋಟ ಚಾ ಕುಡಿದು, ಮಕ್ಕಳನ್ನು ತೊಡೆಯ ಮೇಲೆ ಹತ್ತಿಸಿಕೊಂಡು, ಮಧ್ಯಾಹ್ನದ ಊಟ ಮುಗಿಸಿಯೇ ಏಳುತ್ತಿದ್ದದ್ದು.

ಎಂಥ ದಿನಗಳವು! ಸಂಬಳದ ಅರ್ಧ ಕಂತಿಗೆ ಹೋಗುತ್ತಿತ್ತು. ಎರಡು ಸಾವಿರದ ನಾನೂರ ಐವತ್ತೆಂಟು. ಬೋರ್ನವಿಟಾ ಡಬ್ಬಿಯಲ್ಲಿ ಅದನ್ನು ಕೂಡಿಡುವುದು ಮಂದಾಕಿನಿಯ ಕೆಲಸ. ಮಕ್ಕಳು ನೋಟನ್ನು ಮೂಸಿದರೆ ಬೋರ್ನವಿಟಾದ ವಾಸನೆ, ಅದನ್ನು ಕುಡಿದಷ್ಟೇ ಖುಷಿ. ಅಡಿಗೆಮನೆಗೆ ಹಲಗೆ ಬೇಕಿತ್ತು, ಹೊಸ ಮರಕ್ಕೆ ದುಡ್ಡಿರಲಿಲ್ಲ. ಒಡೆದ ದೋಣಿಯ ಹಲಗೆ ತಂದು ಗೋಡೆಗೆ ಬಡಿದ. ಕೇರಿಯ ಬೆಕ್ಕುಗಳೆಲ್ಲ ಆರು ತಿಂಗಳು ಸರದಿಯಲ್ಲಿ ಬಂದು ಅದನ್ನು ನೆಕ್ಕಿದವು. ಆ ಮನೆಗೆ ಬಂದ ಮೊದಲ ರಾತ್ರಿ ಕರೆಂಟಿರಲಿಲ್ಲ. ಇಬ್ಬರು ಮಕ್ಕಳೂ ಸೇರಿ ನಾಲ್ಕು ಜನ ಒಂದೇ ಚಾಪೆಯಲ್ಲಿ ಮಲಗಿ, ಮಾಡಿನ ಹಂಚಿನ ಸಂದಿಯಲ್ಲಿ ಕಂಡ ಒಂದು ನಕ್ಷತ್ರವನ್ನು ನೋಡಿದರು. ನಮ್ಮ ಮನೆಯ ನಕ್ಷತ್ರ ಎಂದಳು ನಾಲ್ಕು ವರ್ಷದ ನಿಶಾ. ಆ ಹಂಚನ್ನು ಎರಡು ಮಳೆಗಾಲ ಶಾಂತಾರಾಮ ಸರಿ ಮಾಡಿಸಲಿಲ್ಲ. ಕೆಳಗೆ ಪಾತ್ರೆ ಇಟ್ಟ.

ಆ ಹದಿನೈದು ವರ್ಷದಲ್ಲಿ ತಿಮ್ಮ ಒಂದೇ ಒಂದು ಹತ್ತನೇ ತಾರೀಖು ತಪ್ಪಿಸಲಿಲ್ಲ. ಹಾಗಾಗಿ ಶಾಂತಾರಾಮ ಒಂದೇ ಒಂದು ಕಂತು ತಪ್ಪಿಸಲಿಲ್ಲ. ಬ್ಯಾಂಕಿಗೆ ಹೆದರದವನೂ ಬಸಳೆ ಹೊತ್ತು ಬಂದವನ ಎದುರು ಇಲ್ಲ ಎನ್ನಲಾರ. ಆದರೆ ಚಾ ಅಂಗಡಿಯಲ್ಲಿ ಇದನ್ನು ಹೀಗೇ ಹೇಳಿದರೆ ಕೇಳುವವರು ಯಾರು? ಅಲ್ಲಿ ತಿಮ್ಮ ಒಂದು ಮೊಳ ಬೆಳೆದ, ಕಪ್ಪಾದ, ಕತ್ತಿ ಮಸೆದುಕೊಂಡ.

ಎರಡು ಸಾವಿರದ ಹನ್ನೊಂದರ ಏಪ್ರಿಲಿನಲ್ಲಿ ಕೊನೆಯ ಕಂತು ಮುಗಿಯಿತು. ಆ ಹತ್ತಕ್ಕೂ ತಿಮ್ಮ ಬಂದ. "ತಮಾ, ಕಂತು ಕಟ್ಟಿದ್ಯಾ?" ಎಂದ. ಸಾಲ ತೀರಿತು ತಿಮ್ಮಣ್ಣ ಎಂದು ಹೇಳಲು ಶಾಂತಾರಾಮ ಬಾಯಿ ತೆರೆದ. ಬಾವಿಕಟ್ಟೆಯ ಮೇಲೆ ಇಟ್ಟ ಬಸಳೆ ನೋಡಿದ. ಕಾಲು ತೊಳೆಯಲು ಮುದುಕ ಆಗಲೇ ಕೊಡಪಾನ ಬಗ್ಗಿಸುತ್ತಿದ್ದ. ತೀರಿತು ಎಂದರೆ ಮುಂದಿನ ತಿಂಗಳು ಇವನು ಯಾವ ನೆವಕ್ಕೆ ಬಂದಾನು? "ಕಟ್ಟಿದೆ," ಎಂದುಬಿಟ್ಟ.

ಅಂದಿನಿಂದ ಹದಿನಾಲ್ಕು ವರ್ಷ, ತಿಂಗಳಿಗೊಂದು ಸಲ, ಕಟ್ಟಿದೆ. ನಾಲ್ಕು ವರ್ಷದ ಹಿಂದೆ ತಿಮ್ಮನ ಮೊಣಕಾಲು ಸೋತು ಬಸ್ಸು ಹತ್ತುವುದು ನಿಂತ ಮೇಲೆ, ಮೊಮ್ಮಗಳು ಗಂಗಿಯ ಮೊಬೈಲಿನಿಂದ ಹತ್ತನೇ ತಾರೀಖು ಫೋನು. ಕಟ್ಟಿದೆ ತಿಮ್ಮಣ್ಣ.

ಈಗ ಅವನ ಎದುರೇ ಮಗಳನ್ನು ನಿಲ್ಲಿಸಬೇಕು. ಕಂಡ ಕೂಡಲೇ ಅವನು ಕೇಳದೆ ಬಿಡುವವನಲ್ಲ. ಹುಲಿಗೆ ಹಾರ್ನು ಹೊಡೆದವನು ಮುಂದಿನ ಸ್ಟಾಪಿನಲ್ಲೇ ಇಳಿಯಲು ನೆವ ಹುಡುಕಿದ.

ಅಂಕೋಲೆಯಲ್ಲಿ ಇಳಿದು ರಿಕ್ಷಾ ಮಾಡಿ ಬೆಳಂಬಾರ ಮುಟ್ಟಿದಾಗ ಮಧ್ಯಾಹ್ನ. ಅಂಗಳದ ಕರಿ ಇಶಾಡ ಮಾವಿನ ಮರದ ಕೆಳಗೆ ತಿಮ್ಮ ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡು ಕುರ್ಚಿಯಲ್ಲಿ ಕೂತಿದ್ದ. ಸುಕ್ರಿ ಹುಲ್ಲಿನ ಮೇಲೆ ಹಣ್ಣು ಹರಡಿ ಆರಿಸುತ್ತಿದ್ದಳು. ಕೊರಳ ಮಣಿಸರಗಳ ಭಾರಕ್ಕೆ ಮೊದಲಿಗಿಂತ ತುಸು ಬಾಗಿದ್ದಳು.

"ತಿಮ್ಮಜ್ಜಾ!" ಎಂದು ಓಡಿದಳು ನಿಶಾ. ಮದುವೆಯಾದ ಮೇಲೆ ಅವಳು ಅವನನ್ನು ನೋಡಿರಲಿಲ್ಲ. "ನೀ ಇಷ್ಟು ಸಣ್ಣಾಗಿದ್ಯಾ?"

"ನೀ ದೊಡ್ಡಾಗಿದ್ದಿ ಮಗಾ," ಎಂದ ತಿಮ್ಮ. ಅವಳ ತಲೆ ಸವರಿದ. ಆಮೇಲೆ ಅವಳ ಹೆಗಲಾಚೆ ಶಾಂತಾರಾಮನನ್ನು ಕಂಡು, ಕೈಸನ್ನೆಯಿಂದ ಬಾವಿಯ ಕಡೆ ತೋರಿಸಿ, ಊರುಗೋಲು ಹಿಡಿದು ಏಳಲು ನೋಡಿದ. ಮೊಣಕಾಲು ಕೇಳಲಿಲ್ಲ. ಮತ್ತೆ ಕೂತ.

"ಸುಕ್ರಿ, ಹುಡುಗಿನ್ನ ಒಳಗೆ ಕರ್ಕೊಂಡು ಹೋಗು. ಇವನ ಹತ್ರ ಒಂದ್ಮಾತದೆ."

"ನಾ ಹೋಗೂದಿಲ್ಲ ಅಜ್ಜಾ. ನನ್ನ ಎದುರೇ ಹೇಳು."

"ಮಕ್ಕಳ ಕಿವಿಗೆ ಬೀಳೂ ಮಾತಲ್ಲ."

"ಮೂವತ್ತಮೂರು ವರ್ಷಾತು ಅಜ್ಜಾ ನಂಗೆ!"

ತಿಮ್ಮ ಅವಳನ್ನು ನೋಡಿದ, ಶಾಂತಾರಾಮನನ್ನು ನೋಡಿದ. ದನಿ ತಗ್ಗಿಸಿದ. ತಗ್ಗಿಸಿದರೂ ಕಿವಿ ಮಂದವಾದವನ ಪಿಸುಮಾತು ಅಂಕೋಲೆ ಪೇಟೆಗೆ ಕೇಳುವಂತಿತ್ತು.

"ತಮಾ, ಕಂತು ಕಟ್ಟಿದ್ಯಾ?"

ನಿಶಾ ಒಮ್ಮೆಗೆ ತಿರುಗಿದಳು. ಮುದುಕನ ಸೊಂಟಕ್ಕೆ ಅವಳ ಕಣ್ಣು ಹೋಯಿತು. ಮರದ ಕೊಕ್ಕೆಯಲ್ಲಿ ಸಿಕ್ಕಿಸಿದ ಕತ್ತಿ, ಹಿಡಿ ಸವೆದು ನುಣುಪಾದದ್ದು, ಈಗಲೂ ಅಲ್ಲೇ ಇತ್ತು. ಆ ಕತ್ತಿಯಿಂದಲೇ ಅವನು ಅವಳಿಗೆ ಮಾವಿನಹಣ್ಣು ಹೋಳು ಮಾಡಿ ಕೊಡುತ್ತಿದ್ದದ್ದು. ವಸೂಲಿಯವನು ಹೋದ ಮೇಲೆ ತಿಮ್ಮಜ್ಜ ಬರುತ್ತಾನೆ ಎಂದೇ ಆಗೆಲ್ಲ ಅವಳು ತಿಳಿದಿದ್ದಳು. ಬಾವಿಕಟ್ಟೆ. ಮೊದಲ ಬಸ್ಸು. ಹತ್ತನೇ ತಾರೀಖು.

"ಅಪ್ಪಾ," ಎಂದಳು ನಿಧಾನಕ್ಕೆ. "ವಸೂಲಿಯವ ಅಂದ್ರೆ ತಿಮ್ಮಜ್ಜನಾ?"

"ವಸೂಲಿಯವ ಯಾರು?" ಎಂದ ತಿಮ್ಮ. "ನಾ ಇವನ ಜಾಮೀನುದಾರ."

ಶಾಂತಾರಾಮನಿಗೆ ಈಗಲೂ ದಾರಿಯಿತ್ತು. ಕಟ್ಟಿದೆ ಎಂದರೆ ಸಾಕು. ಮುದುಕ ನಗುತ್ತಾನೆ, ನೀರು ತರಿಸುತ್ತಾನೆ, ಬರುವ ಹತ್ತಕ್ಕೆ ಮತ್ತೆ ಫೋನು ಬರುತ್ತದೆ. ಆದರೆ ಕಟ್ಟಿದೆ ಎಂದರೆ ಮಗಳ ಕಣ್ಣಲ್ಲಿ ಸಾಲವೆನ್ನುವುದು ಸಾಯುವ ತನಕ ತೀರದ ಭೂತವಾಗಿ ಉಳಿಯುತ್ತದೆ, ಚಿತ್ತಾಕುಲದ ಮನೆ ಗೋವೆಯವನ ಪಾಲಾಗುತ್ತದೆ. ಅವನು ಮಾವಿನ ಮರವನ್ನು ನೋಡಿದ, ನೆಲ ನೋಡಿದ.

"ಇಲ್ಲ ತಿಮ್ಮಣ್ಣ. ಕಟ್ಲಿಲ್ಲ."

"ಆಂ?"

"ಕಟ್ಟೂಕೆ ಏನೂ ಇಲ್ಲ. ಸಾಲ ತೀರಿ ಹದ್ನಾಲ್ಕು ವರ್ಷಾತು."

ಮರದಿಂದ ಒಂದು ಹಣ್ಣು ಬಿತ್ತು. ಯಾರೂ ಅದರ ಕಡೆ ನೋಡಲಿಲ್ಲ.

"ಮತ್ತೆ ನೀ ಕಟ್ಟಿದೆ ಕಟ್ಟಿದೆ ಅಂತಿದ್ದದ್ದು?"

"ಸುಳ್ಳು."

"ತಿಂಗ್ಳು ತಿಂಗ್ಳು?"

"ತಿಂಗ್ಳು ತಿಂಗ್ಳು."

"ಎಂತಕ್ಕೆ?" ಇದನ್ನು ಕೇಳಿದ್ದು ನಿಶಾ.

ದೊಡ್ಡ ಮಾತೆಲ್ಲ ಶಾಂತಾರಾಮನ ಬಾಯಿಗೆ ಬಂದು, ಚಿಕ್ಕದೊಂದಕ್ಕೆ ದಾರಿ ಬಿಡದೆ ತಳ್ಳಾಡಿದವು. "ತೀರಿತು ಅಂದ್ರೆ ಇವ ಬರ್ತಿರ್ಲಿಲ್ಲ ಅಲಾ," ಎಂದ ಕೊನೆಗೆ. "ಹತ್ತನೇ ತಾರೀಖು ಅಂದ್ರೆ ಮನೇಲಿ ಬಸಳೆ ಸಾರು. ನಿನ್ನ ಅಮ್ಮ ಎರಡು ಸಲ ಚಾ ಪುಡಿ ಹಾಕ್ತಿದ್ಲು. ನೀವೆಲ್ಲ ಇವನ ತೊಡೆ ಮೇಲೆ. ಆ ಬಡ್ಡಿ ಇಲ್ದೇ ಇದ್ರೆ ಇದೆಲ್ಲ ಎಲ್ಲಿಂದ ಬರ್ತಿತ್ತು? ಕಂತು ಮುಗೀತು ಅಂತ ಸೊಸಾಯಿಟಿಯವ ಹೇಳ್ದಾಗ ನಂಗೆ ಖುಷಿಯೇ ಆಗ್ಲಿಲ್ಲ ಮಗಾ. ಬಸ್ಸು ಡಿಪೋಕ್ಕೆ ಬಿಟ್ಟು ಖಾಲಿ ಕೈಯಲ್ಲಿ ಮನೆಗೆ ಬಂದ ಹಂಗಾತು."

ತಿಮ್ಮ ಗೌಡನ ಮುಖ ಗಂಟಾಗಿತ್ತು. ಅವನು ಬೆರಳು ಮಡಚುತ್ತ ಬಾಯಲ್ಲೇ ಏನೋ ಲೆಕ್ಕ ಹಾಕುತ್ತಿದ್ದ. ಬೆರಳು ಸಾಲದೆ ಸುಕ್ರಿಯ ಕಡೆ ನೋಡಿದ.

"ವರ್ಷಕ್ಕೆ ಹನ್ನೆರಡು. ಹದ್ನಾಲ್ಕು ವರ್ಷಕ್ಕೆ ಎಷ್ಟಾತು?"

"ನೂರಾ ಅರವತ್ತೆಂಟು," ಎಂದಳು ನಿಶಾ.

"ನೂರಾ ಅರವತ್ತೆಂಟು ಸುಳ್ಳು!" ಊರುಗೋಲನ್ನು ನೆಲಕ್ಕೆ ಕುಟ್ಟಿದ. "ನನ್ನ ಬಸ್ ಚಾರ್ಜು ಕೊಡು ನೀ! ನನ್ನ ಬಸಳೆ ಕೊಡು!"

ಸುಕ್ರಿ ನಗಲು ಶುರುಮಾಡಿದ್ದು ಆಗ. ಮಣಿಸರಗಳೆಲ್ಲ ಗಲಗಲ ಅಂದವು. "ಬಸಳೆ ಎಲ್ಲಿಂದ ಕೊಡ್ತಾನೆ, ತಿಂದು ತೇಗಿ ಆತು," ಎಂದಳು. "ನೀ ಕುಡ್ದ ಚಾ ಕೊಡು ಅಂದ್ರೆ ಎಲ್ಲಿಂದ ತತ್ತೆ?"

ತಿಮ್ಮ ಊರುಗೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡ. ಮತ್ತೆ ಅಂದ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಶಾಂತಾರಾಮ ತಡೆದುಕೊಳ್ಳುತ್ತಿದ್ದ.

"ಸಾಲ ತೀರಿದ್ರೆ ನಾ ಬರೂದು ಬಿಡ್ತೆ ಅಂತ ನಿಂಗೆ ಯಾರು ಹೇಳಿದ್ರು, ತಮಾ?"

ಶಾಂತಾರಾಮ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. ಬೆವರು ಎಂದು ಯಾರೂ ಕೇಳದಿದ್ದರೂ ಹೇಳಿದ.

ನಿಶಾ ಮಾತ್ರ ಅಪ್ಪನನ್ನು ಹೊಸಬರನ್ನು ನೋಡುವ ಹಾಗೆ ನೋಡುತ್ತಿದ್ದಳು. ಎಲ್ಲರೂ ಸಾಲ ಬೇಗ ಸಾಯಲಿ ಎಂದು ಹರಕೆ ಹೊರುತ್ತಾರೆ. ಈ ಮನುಷ್ಯ ಸತ್ತ ಸಾಲಕ್ಕೆ ಹದಿನಾಲ್ಕು ವರ್ಷ ಅನ್ನ ಹಾಕಿ ಸಾಕಿದ್ದಾನೆ. ಬಡ್ಡಿ ನಿಜಕ್ಕೂ ಹುಲಿಯಾಗಿದ್ದರೆ ಯಾರಾದರೂ ಹಾಗೆ ಸಾಕುತ್ತಾರೆಯೇ?

"ಹದ್ನಾಲ್ಕೂವರೆ ಅಂದದ್ದು ಖರೇನಾ?" ಎಂದು ಕೇಳಿದಳು.

"ಹದ್ನಾಕೂವರೆ," ಎಂದ ತಿಮ್ಮ, ಶಾಂತಾರಾಮನಿಗಿಂತ ಮೊದಲು. "ಗುಮಾಸ್ತ ಓದಿ ಹೇಳಿದ್ದ. ನಾ ಮರ್ತಿಲ್ಲ. ನನ್ನ ಗದ್ದೆ ಮೇಲಿದ್ದದ್ದು ಅದು."

ನಿಶಾ ಬಾವಿಯ ಕಡೆ ನಡೆದು ಫೋನು ಹಚ್ಚಿದಳು. "ಟೀಚರ್, ನಾನು ನಿಶಾ. ಮನೆ ನಾವೇ ತಕೊಳ್ತೇವೆ. ಹ್ಞಾಂ, ಗಟ್ಟಿ. ಗೋವೆಯವ್ರಿಗೆ ಬೇಡ ಅಂತ ಹೇಳಿ." ಫೋನು ಇಟ್ಟವಳು ಆ ಬಿದ್ದ ಹಣ್ಣನ್ನು ಹೆಕ್ಕಿ ತಂದು ತಿಮ್ಮಜ್ಜನ ಕೈಗೆ ಕೊಟ್ಟಳು. ಅವನು ಕತ್ತಿ ತೆಗೆದು ಹೋಳು ಮಾಡಿದ, ಮೂವತ್ತು ವರ್ಷದ ಹಿಂದಿನ ಹಾಗೆಯೇ, ಗೊರಟೆ ಇರುವ ಭಾಗ ಅವಳಿಗೆ.

"ನಿಂಗೆ ಜಾಮೀನು ಬೇಕಾ ಮಗಾ? ನನ್ನ ಪಹಣಿ ಅದೆ," ಎಂದ.

"ಈಗ ಜಾಮೀನು ಕೇಳೂದಿಲ್ಲ ಅಜ್ಜಾ. ಕಂಪ್ಯೂಟರಲ್ಲಿ ಒಂದು ನಂಬರ್ ನೋಡ್ತಾರೆ, ಅಷ್ಟೇಯಾ."

"ಮತ್ತೆ ಕಂತು ಕಟ್ಟಿದ್ಯಾ ಅಂತ ಕೇಳೂದು ಯಾರು?"

"ಮೊಬೈಲಿಗೆ ಮೆಸೇಜು ಬರ್ತದೆ. ಐದನೇ ತಾರೀಖು."

"ಮೆಸೇಜು ಬಸಳೆ ತತ್ತದಾ?"

ನಿಶಾ ಹಣ್ಣಿನ ರಸ ಮೊಣಕೈ ತನಕ ಇಳಿಸಿಕೊಂಡು ನಕ್ಕಳು. ತಿಮ್ಮ ನಗಲಿಲ್ಲ. ಇದು ನಗುವ ವಿಷಯವಲ್ಲ. ಕತ್ತಿಯನ್ನು ಪಂಚೆಗೆ ಒರೆಸಿ ಕೊಕ್ಕೆಗೆ ಸಿಕ್ಕಿಸಿ, ಶಾಂತಾರಾಮನ ಕಡೆ ಊರುಗೋಲು ತೋರಿಸಿದ.

"ಇಪ್ಪತ್ತು ವರ್ಷ ನಂಗಾಗೂದಿಲ್ಲ. ನೀ ಹೋಗು. ಐದಕ್ಕೆ. ಮೊದ್ಲ ಬಸ್ಸಿಗೆ. ಮಗು ಕಿವಿಗೆ ಹಾಕಬೇಡ. ಕೇಳದೇ ನೀರು ಕುಡೀಬೇಡ. ನೂರಾ ಅರವತ್ತೆಂಟು ಸುಳ್ಳಿಗೆ ದಂಡ ಇದು."

"ಹೋಗ್ತೆ ತಿಮ್ಮಣ್ಣ."

"ಹೋಗಿ ಬಂದು ನಂಗೆ ಫೋನು ಮಾಡು. ಹತ್ತಕ್ಕೆ ಬಸ್ಸು ಹತ್ತಿ ಇಲ್ಲಿಗೆ ಬಾ. ಬರೂಕೆ ನಿಂಗೆ ಸಾಲ ಬೇಕಾ?"

ಚಿತ್ತಾಕುಲದ ಮೊದಲ ಕಂತು ಆಗಸ್ಟ್ ಐದಕ್ಕೆ ಬಂತು. ಆ ದಿನ ಬಿದ್ದ ಮಳೆ ಎಂಥದ್ದೆಂದರೆ, ಕಾಳಿ ಸೇತುವೆಯ ಮೇಲೆ ನಿಂತವರಿಗೆ ನದಿ ಕೆಳಗಿದೆಯೋ ಮೇಲಿದೆಯೋ ತಿಳಿಯಲಿಲ್ಲ. ಅಂಥದ್ದರಲ್ಲಿ ಶಾಂತಾರಾಮ ಮೊದಲ ಬಸ್ಸಿಗೆ ಬಂದಿಳಿದ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಮೊಗೆಕಾಯಿ, ಬಗಲಲ್ಲಿ ಬಸಳೆ. ಬಸಳೆ ತಾನೇ ಬೆಳೆಸಿದ್ದೆಂದು ಬಸ್ಸಿನಲ್ಲಿ ಎಲ್ಲರಿಗೂ ಹೇಳಿದ್ದ. ಅದನ್ನು ಅವನು ಹಿಂದಿನ ದಿನ ಪೇಟೆಯಲ್ಲಿ ಕೊಂಡದ್ದು.

ಬಾಗಿಲ ಚೌಕಟ್ಟಿನಲ್ಲಿ ಪೆನ್ಸಿಲಿನ ಹೊಸ ಗೀಟು ಕಾಣುತ್ತಿತ್ತು, ದೀಕ್ಷಾಳದು. ನಿಶಾ ಟವೆಲು, ಬಿಸಿ ಚಾ ಹಿಡಿದು ಬಂದಳು.

"ಒಳಗೆ ಬಾ ಅಪ್ಪಾ, ನೆನೀತಿದ್ದಿ."

"ಮೊದ್ಲು ಬಾವಿಕಟ್ಟೆಗೆ ಬಾ."

ಅವಳು ಕೊಡೆ ಹಿಡಿದು ಬಂದಳು. ಬಾವಿ ಬಾಯಿಯ ತನಕ ತುಂಬಿತ್ತು. ಮಾಡಿನಿಂದ, ತೆಂಗಿನಿಂದ, ಅವನ ಮೂಗಿನ ತುದಿಯಿಂದ ನೀರು ಸುರಿಯುತ್ತಿತ್ತು. ಆದರೆ ಆ ಮನೆಯ ಒಂದು ಹನಿಯೂ ಅವನ ಗಂಟಲಿಗೆ ಇಳಿಯುವಂತಿರಲಿಲ್ಲ. ಅವನು ಹಿಂದೆ ಮುಂದೆ ನೋಡಿ ದನಿ ತಗ್ಗಿಸಿದ.

"ಮಗಾ, ಕಂತು ಕಟ್ಟಿದ್ಯಾ?"

ಮೆಸೇಜು ಬೆಳಿಗ್ಗೆ ಆರಕ್ಕೇ ಬಂದಿತ್ತು. ದುಡ್ಡು ಹೋಗಿಯಾಗಿತ್ತು. ನಿಶಾ ಅಪ್ಪನನ್ನು ನೋಡಿದಳು, ಕೈಯಲ್ಲಿದ್ದ ಚಾ ನೋಡಿದಳು, ಅದರ ಹಬೆಯನ್ನು ಅವನ ಮೂಗಿನ ಕೆಳಗೆ ಒಮ್ಮೆ ಸುಳಿಸಿದಳು.

"ಇರು ಅಪ್ಪಾ," ಎಂದಳು. "ನೆನಪು ಮಾಡ್ಕೊಳ್ತೆ."